ಮನೆಯವರು ಥೆರಪಿಗೆ ಒಪ್ಪುತ್ತಿಲ್ಲ, ಎಲ್ಲಿಂದ ಶುರು ಮಾಡುವುದು?

ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. "ಮಗನಿಗೆ 24. ಓದು ಮುಗಿದು ಎರಡು ವರ್ಷ ಆಯ್ತು, ರೂಮಿನಿಂದ ಹೊರಗೇ ಬರಲ್ಲ." "ಗಂಡ ಸರಿಯಾಗಿ ಮಾತಾಡಲ್ಲ. ಏನಾಯ್ತು ಅಂತ ಕೇಳಿದರೆ ರೇಗುತ್ತಾರೆ." "ನನಗೆ 29. ಕೆಲಸ ಇದೆ, ಸ್ನೇಹಿತರಿದ್ದಾರೆ. ಆದರೂ ಕೆಸರಿನಲ್ಲಿ ಕಾಲು ಹೂತುಹೋದ ಹಾಗಿದೆ." ಕೊನೆಗೆ ಎಲ್ಲರೂ ಕೇಳುವುದು ಇಷ್ಟೇ: ಥೆರಪಿಗೆ, ಅಂದರೆ ಮಾತಿನ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆಗೆ, ಹೋಗಬೇಕಾ? ಹೋಗಬೇಕಾದವರೇ ಒಪ್ಪದಿದ್ದರೆ ಏನು ಮಾಡೋದು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರು ತಯಾರಿದ್ದಾರೋ ಅವರು ಮೊದಲು ಹೋಗಿ. ಕಷ್ಟದಲ್ಲಿರುವವರು ಒಪ್ಪುವ ತನಕ ಕಾಯುತ್ತಾ ಕೂತು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಳೆದುಕೊಳ್ಳುವ ಮನೆಗಳು ತುಂಬಾ ಇವೆ. ಅಷ್ಟು ಕಾಯಬೇಕಾಗಿಲ್ಲ. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಎಲ್ಲಕ್ಕಿಂತ ಮೊದಲು ಇದನ್ನು ಓದಿ

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡುತ್ತಿದ್ದರೆ, "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ" ಅನ್ನುತ್ತಿದ್ದರೆ, ತಮಗೆ ಪ್ರಿಯವಾದ ವಸ್ತುಗಳನ್ನು ಇದ್ದಕ್ಕಿದ್ದ ಹಾಗೆ ಹಂಚುತ್ತಿದ್ದರೆ, ಕೆಳಗಿನ ಹಂತಗಳಿಗೆ ಸಮಯವಿಲ್ಲ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಆ ಹೆದರಿಕೆ ಬೇಡ. ಯಾರಾದರೂ ಕೇಳಿದರಲ್ಲ ಅಂತ ಮನಸ್ಸು ಸ್ವಲ್ಪ ಹಗುರವಾಗುವುದೇ ಜಾಸ್ತಿ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆ, ವಿಷ, ಆಯುಧಗಳನ್ನು ಕೈಗೆ ಸಿಗದ ಹಾಗೆ ಮಾಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ ನಿಮ್ಮಲ್ಲಿನ ತುರ್ತು ಸಹಾಯವಾಣಿಗೆ ಫೋನ್ ಮಾಡಿ.

ಗಂಡಸರ ವಿಷಯದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ, ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸಾಯುವ ಗಂಡಸರ ಪ್ರಮಾಣ ಹೆಂಗಸರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಸಹಾಯ ಕೇಳುವುದರಲ್ಲಿ ಮಾತ್ರ ಗಂಡಸರು ಹಿಂದೆ.

ಹಂತ 1: ಏನು ನಿಂತುಹೋಗಿದೆ ಎಂದು ಬರೆಯಿರಿ

"ಸರಿ ಇಲ್ಲ", "ಸೋಮಾರಿ ಆಗಿದ್ದಾನೆ", "ಬದಲಾಗಿಬಿಟ್ಟಿದ್ದಾರೆ". ಇವು ದೂರುಗಳು, ಇವನ್ನು ಇಟ್ಟುಕೊಂಡು ಯಾವ ಥೆರಪಿಸ್ಟ್‌ಗೂ ಏನೂ ಮಾಡಲಾಗದು. ಒಂದು ಹಾಳೆ ತೆಗೆದುಕೊಂಡು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಎಷ್ಟು ಗಂಟೆಗೆ ಮಲಗುವುದು, ಎಷ್ಟಕ್ಕೆ ಏಳುವುದು. ಊಟ ಹೇಗಿದೆ. ಕಳೆದ ವಾರ ಎಷ್ಟು ಸಲ ಹೊರಗೆ ಹೋದರು. ಯಾವ ಸ್ನೇಹಿತರ ಜೊತೆ ಮಾತು ನಿಂತಿದೆ. ಇದೆಲ್ಲ ಯಾವಾಗ ಶುರುವಾಯಿತು, ಆಗ ಇನ್ನೇನು ನಡೆಯಿತು. ಎರಡು ವಾರ ಹೀಗೆ ಬರೆದರೆ ಸಾಕು. ನಿಮ್ಮ ಬಗ್ಗೆಯೇ ಬರೆದುಕೊಳ್ಳುತ್ತಿದ್ದರೂ ಇದೇ ಕ್ರಮ.

ಇಲ್ಲಿ ಒಂದು ಎಚ್ಚರಿಕೆ. ಖಿನ್ನತೆ ಎಂದರೆ ಅಳುತ್ತಾ ಕೂರುವುದು ಎಂದುಕೊಂಡಿದ್ದರೆ ಗಂಡಸರಲ್ಲಿ ಅದು ಕಣ್ಣು ತಪ್ಪಿಸಿಬಿಡುತ್ತದೆ. ಅವರಲ್ಲಿ ಎಷ್ಟೋ ಸಲ ಅದು ಸಿಟ್ಟಾಗಿ ಕಾಣಿಸುತ್ತದೆ. ಸಣ್ಣದಕ್ಕೆಲ್ಲ ಸಿಡುಕುವುದು, ಕುಡಿತ ಏರುವುದು, ರಾತ್ರಿ ಹಗಲು ಕೆಲಸದಲ್ಲೇ ಮುಳುಗುವುದು, ಗಾಡಿಯನ್ನು ಹುಚ್ಚು ಹಿಡಿದ ಹಾಗೆ ಓಡಿಸುವುದು, ಬೆನ್ನುನೋವು ತಲೆನೋವು ಹೊಟ್ಟೆನೋವು ಎಂದು ಮತ್ತೆ ಮತ್ತೆ ಹೇಳುವುದು. ಇವನ್ನೂ ಹಾಳೆಯಲ್ಲಿ ಸೇರಿಸಿ.

ಹಂತ 2: ದೇಹದ ತಪಾಸಣೆ ಮಾಡಿಸಿ

ಇದು ಚಿಕ್ಕ ಹಂತ, ಆದರೆ ದಾಟಿ ಹೋಗಬೇಡಿ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ವಿಟಮಿನ್ ಬಿ12 ಕೊರತೆ ಇದ್ದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾ ಇದ್ದರೆ, ಸುಸ್ತು ಮತ್ತು ನಿರಾಸಕ್ತಿ ಖಿನ್ನತೆಯ ಹಾಗೆಯೇ ಕಾಣುತ್ತವೆ. ಮಾಮೂಲಿ ವೈದ್ಯರ ಹತ್ತಿರ ಒಮ್ಮೆ ತೋರಿಸಿ. ಇನ್ನೊಂದು ಲಾಭ ಇದೆ: ಥೆರಪಿ ಅಂದರೆ ಮುಖ ತಿರುಗಿಸುವವರೂ "ಸುಸ್ತಿಗೆ ಒಂದು ರಕ್ತಪರೀಕ್ಷೆ ಮಾಡಿಸೋಣ" ಅಂದರೆ ಬರುತ್ತಾರೆ. ಡಾಕ್ಟರ ಕೋಣೆಯಲ್ಲಿ ನಿದ್ದೆಯ ಬಗ್ಗೆ ಬಾಯಿ ಬಿಟ್ಟರೆ ಮುಂದಿನ ಮಾತು ಸುಲಭ.

ಹಂತ 3: ಯಾರ ಹತ್ತಿರ ಹೋಗಬೇಕು ಎಂದು ತಿಳಿದುಕೊಳ್ಳಿ

ಹೆಸರುಗಳೇ ಗೊಂದಲ, ಅಲ್ವಾ? ಸರಳವಾಗಿ ಹೀಗೆ ನೆನಪಿಟ್ಟುಕೊಳ್ಳಿ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ವೈದ್ಯಕೀಯ ಓದಿದವರು. ಅವರು ರೋಗ ಗುರುತಿಸಿ ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರ ಓದಿ, ತಪಾಸಣೆ ಮತ್ತು ಥೆರಪಿಯಲ್ಲಿ ತರಬೇತಿ ಪಡೆದವರು. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಕೆಲಸ, ಸಂಬಂಧ, ನಿರ್ಧಾರಗಳ ತೊಡಕಿನಲ್ಲಿ ನೆರವಾಗುತ್ತಾರೆ. ಫ್ಯಾಮಿಲಿ ಥೆರಪಿಸ್ಟ್ ಮನೆಯ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತಾರೆ. ಯಾರದೇ ಇರಲಿ, ಓದು, ತರಬೇತಿ, ನೋಂದಣಿ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು. ಸರಿಯಾದವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಥೆರಪಿಯಲ್ಲೂ ಬಗೆಗಳಿವೆ. ಹೀಗೆ ಬದುಕು ನಿಂತಲ್ಲೇ ನಿಂತವರ ವಿಷಯದಲ್ಲಿ ಈ ಮೂರರ ಹೆಸರು ನಿಮ್ಮ ಕಿವಿಗೆ ಬೀಳುವುದು ಜಾಸ್ತಿ.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ): 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಟ್ಟಿದ ದಾರಿ. "ನಾನು ಏನು ಮಾಡಿದರೂ ಕೆಡುತ್ತೆ" ಎಂಬ ಯೋಚನೆ ತಾನಾಗಿ ಬರುತ್ತದಲ್ಲ, ಅದನ್ನು ಹಿಡಿದು, ಅದು ಎಷ್ಟು ನಿಜ ಎಂದು ಪರೀಕ್ಷಿಸಿ, ನಡವಳಿಕೆ ಬದಲಿಸುವ ಕೆಲಸ. ಸಾಮಾನ್ಯವಾಗಿ 12ರಿಂದ 20 ಸೆಷನ್, ಅಂದರೆ ಅಷ್ಟು ಸಲದ ಭೇಟಿ.

ಬಿಹೇವಿಯರಲ್ ಆಕ್ಟಿವೇಶನ್: ಹೆಸರು ಉದ್ದ, ವಿಷಯ ಸರಳ. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯದೆ, ಮೊದಲು ಮಾಡುವುದು. ಮನಸ್ಸು ಹಿಂದೆ ಬರುತ್ತದೆ. ಸುಮ್ನೆ ಮಲಗಿರುವವರು ಏನೂ ಮಾಡದ ಕಾರಣ ಖುಷಿ ಕೊಡುವ ಯಾವುದೂ ಅವರ ದಿನದೊಳಗೆ ಬರುವುದಿಲ್ಲ, ಆದ್ದರಿಂದ ಇನ್ನೂ ಮಲಗುತ್ತಾರೆ. ಆ ಸುತ್ತನ್ನು ಮುರಿಯುವುದು ಇಲ್ಲಿನ ಕೆಲಸ. ಭಾವನೆಯ ಬಗ್ಗೆ ಮಾತಾಡಲು ಹಿಂಜರಿಯುವ ಗಂಡಸರಿಗೆ ಇದು ಒಗ್ಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಫ್ಯಾಮಿಲಿ ಥೆರಪಿ: ಒಬ್ಬರನ್ನು "ರೋಗಿ" ಎಂದು ಪಕ್ಕಕ್ಕಿಡದೆ, ಮನೆಯವರ ನಡುವೆ ಏನು ನಡೆಯುತ್ತಿದೆ ಎಂದು ನೋಡುವುದು.

ಔಷಧಿ ಬೇಕಾ ಬೇಡವಾ ಎಂಬುದನ್ನು ಮನೋವೈದ್ಯರೇ ಹೇಳಬೇಕು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. 25ರ ಒಳಗಿನವರಿಗೆ ಕೊಟ್ಟಾಗ ಶುರುವಿನ ವಾರಗಳಲ್ಲಿ ಮನೆಯವರು ಹತ್ತಿರದಿಂದ ಗಮನಿಸಬೇಕು. ಆ ವಯಸ್ಸಿನಲ್ಲಿ ಕೆಲವರಿಗೆ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಎಚ್ಚರಿಕೆಯನ್ನು ವಿಸ್ತರಿಸಿದೆ. ಹಾಗಂತ ಹೆದರಿ ಮಧ್ಯದಲ್ಲಿ ನಿಲ್ಲಿಸಬೇಡಿ. ಬದಲಾವಣೆ ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ.

ಹಂತ 4: ಮನೆಯೊಳಗಿನ ಸುತ್ತನ್ನು ಗುರುತಿಸಿ

ಈ ಹಂತದ ಮೇಲೆ ನಿಧಾನವಾಗಿ ಕೂರಿ. ಬೇರೆ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಬೆಳಿಗ್ಗೆ ಹನ್ನೊಂದು ಗಂಟೆ. ಅಮ್ಮ ಬಾಗಿಲು ತಟ್ಟುತ್ತಾಳೆ. "ಎದ್ಯಾ?" ಉತ್ತರವಿಲ್ಲ. ಹನ್ನೊಂದೂವರೆಗೆ ಮತ್ತೆ. ಈಗ ಅಪ್ಪನ ದನಿ ಹಾಲ್‌ನಿಂದ, ಬೇಕೆಂದೇ ಕೇಳಿಸುವ ಹಾಗೆ: "ಅವನನ್ನ ಕೇಳಿ ಏನಾಗಬೇಕು, ಬಿಡು." ಒಳಗೆ ಮಗ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಅಪ್ಪ ಬಾಗಿಲಿಗೆ ಬಂದು ಕೂಗುತ್ತಾನೆ. ಅಮ್ಮ ಅಪ್ಪನನ್ನು ಬೈದು ಹಿಂದಕ್ಕೆ ಕಳಿಸುತ್ತಾಳೆ. ಒಂದು ಗಂಟೆಗೆ ತಟ್ಟೆ ತಂದು ಬಾಗಿಲ ಹತ್ತಿರ ಇಟ್ಟು, ಒಂದು ಸಲ ಮೆಲ್ಲಗೆ ತಟ್ಟಿ ಹೋಗುತ್ತಾಳೆ. ಮೂರು ಗಂಟೆಗೆ ಬಾಗಿಲು ನಾಲ್ಕು ಬೆರಳಗಲ ತೆರೆಯುತ್ತದೆ. ತಟ್ಟೆ ಒಳಗೆ ಹೋಗುತ್ತದೆ. ತಂಗಿ ಇದನ್ನೆಲ್ಲ ನೋಡುತ್ತಾಳೆ, ತನ್ನ ಪರೀಕ್ಷೆಯ ಚಿಂತೆಯನ್ನು ಯಾರಿಗೂ ಹೇಳುವುದಿಲ್ಲ. ನಾಳೆ ಮತ್ತೆ ಹನ್ನೊಂದು ಗಂಟೆ.

ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಅಪ್ಪ ಕೂಗಿದಷ್ಟೂ ಅಮ್ಮ ಮೆದುವಾಗುತ್ತಾಳೆ. ಅಮ್ಮ ಮೆದುವಾದಷ್ಟೂ ಅಪ್ಪ ಕೂಗುತ್ತಾನೆ. ಇಬ್ಬರೂ ಹಾಗೆ ಮಾಡಿದಷ್ಟೂ ಮಗ ಒಳಗೆ ಸರಿಯುತ್ತಾನೆ. ಗಾಣದೆತ್ತಿನ ಹಾಗೆ ಮನೆಯೆಲ್ಲ ಅದೇ ಜಾಗದಲ್ಲಿ ಸುತ್ತುತ್ತದೆ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಕುಟುಂಬಗಳ ಜೊತೆ ಕೆಲಸ ಮಾಡಿದ ಪಾಲ್ ವಾಟ್ಸ್‌ಲಾವಿಕ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು: ಎಷ್ಟೋ ಸಲ, ಸಮಸ್ಯೆ ಬಿಡಿಸಲು ನಾವು ಮತ್ತೆ ಮತ್ತೆ ಮಾಡುವ ಕೆಲಸವೇ ಸಮಸ್ಯೆಯನ್ನು ಹಾಗೇ ಉಳಿಸಿಕೊಂಡಿರುತ್ತದೆ.

ಇದರಲ್ಲಿ ಒಂದು ಸಮಾಧಾನವಿದೆ. ಸುತ್ತಿನಲ್ಲಿ ಮೂವರಿದ್ದರೆ, ಮೂವರಲ್ಲಿ ಯಾರು ಹೆಜ್ಜೆ ಬದಲಿಸಿದರೂ ಸುತ್ತು ಹಾಗೇ ಉಳಿಯಲಾರದು. ಮಗನೇ ಮೊದಲು ಬದಲಾಗಬೇಕೆಂದಿಲ್ಲ.

ಹಾಗಾದರೆ ಮಾಡಬೇಕಾದದ್ದು:

1. ನಿಮ್ಮ ಮನೆಯ ಸುತ್ತನ್ನು ಮೇಲಿನ ಹಾಗೆ ಬರೆಯಿರಿ. ಯಾರು ಏನು ಮಾಡಿದರು, ಆಮೇಲೆ ಯಾರು ಏನು ಮಾಡಿದರು. "ಯಾಕೆ" ಎಂದು ಬರೆಯಬೇಡಿ.
2. ಅದರಲ್ಲಿ ನಿಮ್ಮ ಹೆಜ್ಜೆಗೆ ಅಡಿಗೆರೆ ಎಳೆಯಿರಿ. ನಿಮ್ಮದಕ್ಕೆ ಮಾತ್ರ.
3. ಒಂದೇ ಒಂದು ಹೆಜ್ಜೆ ಬದಲಿಸಿ, ಎರಡು ಮೂರು ವಾರ ಹಿಡಿದುಕೊಳ್ಳಿ. ಉದಾಹರಣೆಗೆ: ಬಾಗಿಲ ಹತ್ತಿರ ತಟ್ಟೆ ಇಡುವುದನ್ನು ನಿಲ್ಲಿಸಿ, "ಊಟ ಎರಡು ಗಂಟೆಗೆ ಟೇಬಲ್ ಮೇಲಿರುತ್ತೆ, ನೀನು ಬಂದರೆ ನನಗೆ ಖುಷಿ" ಎಂದು ಒಮ್ಮೆ ಹೇಳಿ ಬಿಡುವುದು. ಬರದಿದ್ದರೆ ರೇಗಬೇಡಿ. ಅಡುಗೆಮನೆಯಲ್ಲಿ ಊಟ ಇರಲಿ, ಬೇಕೆಂದಾಗ ಅವನೇ ಬಂದು ತೆಗೆದುಕೊಳ್ಳಲಿ.
4. ಬದಲಿಸುವ ಮೊದಲು ಮನೆಯ ದೊಡ್ಡವರು ಇಬ್ಬರೂ ಒಂದು ಮಾತಿಗೆ ಬನ್ನಿ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿದರೆ ಏನೂ ಆಗುವುದಿಲ್ಲ.

ಇಲ್ಲಿ ಜಾರುವವರು ಬಹಳ. ಒಂದು ಭಾನುವಾರ ಎಲ್ಲರೂ ಸೇರಿ ಕಟ್ಟುನಿಟ್ಟು ನಿಯಮಗಳ ಪಟ್ಟಿ ಮಾಡಿ, ಇಂಟರ್‌ನೆಟ್ ಕಿತ್ತು, ಹಣ ನಿಲ್ಲಿಸಿಬಿಡುತ್ತಾರೆ. ಬುಧವಾರದ ಹೊತ್ತಿಗೆ ಮನೆ ರಣರಂಗ, ಗುರುವಾರ ಎಲ್ಲ ಮೊದಲಿನ ಹಾಗೆ. ಮುಂದಿನ ಸಲ ನಿಮ್ಮ ಮಾತಿಗೆ ಬೆಲೆಯೂ ಕಡಿಮೆ. ಇನ್ನೊಂದು ಮಾತು: ಬದಲಾವಣೆ ಶುರುವಾದ ಮೊದಲ ದಿನಗಳಲ್ಲಿ ಎದುರಿನವರ ಸಿಟ್ಟು ಸ್ವಲ್ಪ ಏರಬಹುದು. ಅದನ್ನು ಮೊದಲೇ ಎಣಿಸಿಕೊಂಡಿರಿ. ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ಪ್ರಯೋಗಗಳನ್ನು ಒಬ್ಬರೇ ಮಾಡಬೇಡಿ. ಮೊದಲು ನಿಮ್ಮ ಸುರಕ್ಷತೆ.

ಹಂತ 5: ಒಪ್ಪದವರ ಜೊತೆ ಮಾತಾಡುವುದು

"ನಿನಗೆ ಥೆರಪಿ ಬೇಕು" ಎಂಬ ಮಾತು, ಎಷ್ಟೇ ಪ್ರೀತಿಯಿಂದ ಹೇಳಿದರೂ, "ನಿನ್ನಲ್ಲಿ ಏನೋ ಕೆಟ್ಟಿದೆ" ಎಂದೇ ಕೇಳಿಸುತ್ತದೆ. ಜಗಳದ ನಡುವೆ ಹೇಳಿದರಂತೂ ಅದು ಬೈಗುಳವೇ. ಮುಳ್ಳಿನ ಮೇಲೆ ಬಿದ್ದ ಬಟ್ಟೆ ತೆಗೆಯುವ ಹಾಗೆ ಮಾತಾಡಬೇಕು.

ಎದುರುಬದುರು ಕೂರಿಸಬೇಡಿ. ಗಾಡಿಯಲ್ಲಿ ಹೋಗುವಾಗ, ನಡೆಯುವಾಗ, ಏನಾದರೂ ಕೆಲಸ ಮಾಡುತ್ತಾ ಮಾತಾಡಿದರೆ ಗಂಡುಮಕ್ಕಳು ಬಾಯಿ ಬಿಡುವುದು ಸುಲಭ. ಕಂಡದ್ದನ್ನು ಹೇಳಿ, ನಿಮಗೆ ಅನಿಸಿದ್ದನ್ನು ಹೇಳಿ, ಒಂದು ಪ್ರಶ್ನೆ ಕೇಳಿ, ಸುಮ್ಮನಾಗಿ. "ನೀನು ರಾತ್ರಿ ಮೂರು ಗಂಟೆ ತನಕ ಎಚ್ಚರ ಇರೋದು ನೋಡ್ತೀನಿ. ನನಗೆ ಚಿಂತೆ ಆಗುತ್ತೆ. ಹೇಗಿದೆ ನಿನಗೆ?" ಇಷ್ಟು ಸಾಕು. ಅವನು "ಬೇಜಾರು" ಅಂದರೆ, ಪರಿಹಾರ ಹೇಳಲು ಧಾವಿಸಬೇಡಿ. "ಬೇಜಾರು ಅಂದ್ರೆ ಹೇಗೆ?" ಅನ್ನಿ.

ಥೆರಪಿಸ್ಟ್‌ಗಳಿಗೂ ಇದಕ್ಕೆ ಒಂದು ವಿಧಾನ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ಮಾತಿನ ಕ್ರಮವನ್ನು ಬರೆದಿಟ್ಟರು. ಅದರ ತಿರುಳು ಹೀಗೆ: ಬದಲಾಗಬೇಕು ಮತ್ತು ಬೇಡ ಎಂಬ ಎರಡೂ ಮನಸ್ಸು ಒಬ್ಬರಲ್ಲೇ ಇರುತ್ತವೆ. ನೀವು "ಬೇಕು" ಪಕ್ಷ ಹಿಡಿದು ವಾದ ಮಾಡಿದರೆ ಅವರು "ಬೇಡ" ಪಕ್ಷ ಹಿಡಿಯಲೇಬೇಕಾಗುತ್ತದೆ. ಬದಲಾಗುವ ಮಾತು ಅವರ ಬಾಯಿಂದ ಬರಲು ಜಾಗ ಬಿಡಿ.

ಕೇಳುವುದಾದರೆ ಚಿಕ್ಕದನ್ನು ಕೇಳಿ. "ಒಂದು ಸಲ ಬಂದು ನೋಡು, ಇಷ್ಟವಾಗದಿದ್ದರೆ ಆರು ತಿಂಗಳು ಈ ಮಾತೇ ಎತ್ತಲ್ಲ." ಹೀಗೆ ಮಾತು ಕೊಟ್ಟರೆ ಉಳಿಸಿಕೊಳ್ಳಿ. ಸುಳ್ಳು ಹೇಳಿ, ಬೇರೆ ಎಲ್ಲಿಗೋ ಎಂದು ಕರೆದುಕೊಂಡು ಹೋಗಿ ಥೆರಪಿಸ್ಟ್ ಮುಂದೆ ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಒಂದು ಗಂಟೆ ಸಿಗಬಹುದು, ಮುಂದಿನ ಹತ್ತು ವರ್ಷದ ನಂಬಿಕೆ ಹೋಗುತ್ತದೆ.

ಆದರೂ ಒಪ್ಪಲಿಲ್ಲ. ಆಗ ನೀವು ಹೋಗಿ. ಇದು ಸೋತವರ ದಾರಿ ಎಂದುಕೊಳ್ಳಬೇಡಿ, ಪರೀಕ್ಷಿಸಿ ನೋಡಿದ ದಾರಿ. ಕುಡಿತಕ್ಕೆ ಬಿದ್ದು ಚಿಕಿತ್ಸೆ ಬೇಡ ಅನ್ನುವವರ ಮನೆಯವರಿಗಾಗಿ ಕ್ರಾಫ್ಟ್ ಎಂಬ ತರಬೇತಿ ಇದೆ. ಕುಡಿಯುವವರು ಬರುವುದೇ ಬೇಡ, ಮನೆಯವರು ಬಂದು ತಮ್ಮ ನಡವಳಿಕೆ ಬದಲಿಸುವುದನ್ನು ಕಲಿಯುತ್ತಾರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹೀಗೆ ಕಲಿತ ಮನೆಗಳಲ್ಲಿ 100ಕ್ಕೆ 64 ಮಂದಿ ಕುಡಿತದವರು ಚಿಕಿತ್ಸೆಗೆ ಬಂದರು. ಮನೆಯವರೆಲ್ಲ ಸೇರಿ ಎದುರು ಕೂರಿಸಿ ಒತ್ತಾಯಿಸುವ ವಿಧಾನದಲ್ಲಿ ಬಂದವರು 100ಕ್ಕೆ 30. ಮಕ್ಕಳ ಆತಂಕಕ್ಕೆ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ ಸ್ಪೇಸ್ ಎಂಬ ಕ್ರಮದಲ್ಲೂ ಥೆರಪಿಗೆ ಹೋಗುವುದು ಅಪ್ಪ ಅಮ್ಮ ಮಾತ್ರ. ಮಗುವಿಗೇ ಕೊಡುವ ಸಿಬಿಟಿಗಿಂತ ಅದು ಕಡಿಮೆಯೇನಿಲ್ಲ ಎಂದು ಪ್ರಯೋಗದಲ್ಲಿ ಕಂಡಿತು.

ಹಂತ 6: ಫೋನ್ ಮಾಡಿ

ಇಲ್ಲಿ ತುಂಬಾ ಜನ ನಿಂತುಬಿಡುತ್ತಾರೆ. ಫೋನಿನಲ್ಲಿ ಕಥೆ ಹೇಳಬೇಕಾಗಿಲ್ಲ. ಎರಡು ವಾಕ್ಯ ಸಾಕು: "ಎರಡು ವರ್ಷದಿಂದ ಹೀಗೆ ನಿಂತುಹೋಗಿದ್ದೇನೆ, ನಿದ್ದೆ ಕೆಟ್ಟಿದೆ. ಇಂಥದ್ದರಲ್ಲಿ ನೀವು ಕೆಲಸ ಮಾಡ್ತೀರಾ?" ಆಮೇಲೆ ಇವನ್ನು ಕೇಳಿ: ನನ್ನ ವಯಸ್ಸಿನವರ ಜೊತೆ ಕೆಲಸ ಮಾಡಿದ್ದೀರಾ? ಯಾವ ಬಗೆಯ ಥೆರಪಿ? ಶುಲ್ಕ ಎಷ್ಟು, ಕಡಿಮೆ ಮಾಡುವ ಅವಕಾಶ ಇದೆಯಾ? ಆನ್‌ಲೈನ್ ಇದೆಯಾ? ನಾನು ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ?

ಕೊನೆಯ ಪ್ರಶ್ನೆ ಮುಖ್ಯ. ವಯಸ್ಕರು ಸೆಷನ್‌ನಲ್ಲಿ ಹೇಳಿದ್ದನ್ನು, ಶುಲ್ಕ ಕಟ್ಟುವ ಅಪ್ಪ ಅಮ್ಮನಿಗೂ ಥೆರಪಿಸ್ಟ್ ಹೇಳುವಂತಿಲ್ಲ. ಜೀವಕ್ಕೆ ಅಪಾಯವಿದ್ದಾಗ ಈ ಗುಟ್ಟು ಮುರಿಯಬೇಕಾಗಬಹುದು, ಬೇರೆ ವಿನಾಯಿತಿಗಳನ್ನು ಅವರೇ ಮೊದಲಿಗೆ ವಿವರಿಸಬೇಕು. ಅಪ್ಪ ಅಮ್ಮಂದಿರೇ, ಸೆಷನ್ ಮುಗಿಸಿ ಬಂದ ಮಗಳನ್ನು "ಏನಂದ್ರು?" ಎಂದು ಕೇಳಬೇಡಿ. ಕಷ್ಟ, ಗೊತ್ತು. ಆದರೂ ಕೇಳಬೇಡಿ.

ಹಂತ 7: ಮೊದಲ ಕೆಲವು ಸೆಷನ್

ಒಂದು ಸೆಷನ್ 45–50 ನಿಮಿಷ ಇರುತ್ತದೆ, ಹೆಚ್ಚಾಗಿ ವಾರಕ್ಕೊಂದು. ಮೊದಲನೆಯದರಲ್ಲಿ ಪ್ರಶ್ನೆಗಳೇ ಜಾಸ್ತಿ. ಹಂತ 1ರ ಹಾಳೆಯನ್ನು ತೆಗೆದುಕೊಂಡು ಹೋಗಿ. ಏನು ಹೇಳಬೇಕೋ ಗೊತ್ತಾಗದಿದ್ದರೆ "ಏನು ಹೇಳಬೇಕೋ ಗೊತ್ತಿಲ್ಲ" ಎನ್ನುವುದರಿಂದಲೇ ಶುರು ಮಾಡಬಹುದು. ಭಾವನೆಗೆ ಮಾತು ಸಿಗದವರು ದೇಹದಿಂದ ಶುರು ಮಾಡಿ: ಎದೆ ಬಿಗಿಯುತ್ತದೆ, ದವಡೆ ನೋಯುತ್ತದೆ, ಭಾನುವಾರ ಸಂಜೆ ಹೊಟ್ಟೆ ಕಿವುಚುತ್ತದೆ. ಅದು ಒಳ್ಳೆಯ ಶುರು.

ನಿಮಗೆ ಪಿಎಚ್‌ಕ್ಯೂ-9 ಎಂಬ ಹಾಳೆ ಕೊಡಬಹುದು. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಹೆಚ್ಚೆಂದರೆ 27 ಅಂಕ. ಅಂಕ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಖಿನ್ನತೆ ಇದೆಯೇ ಎಂದು ಹತ್ತಿರದಿಂದ ನೋಡುತ್ತಾರೆ. ಅದು ಪರೀಕ್ಷೆಯ ಫಲಿತಾಂಶವಲ್ಲ, ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. ಒಂದೂವರೆ ತಿಂಗಳ ಮೇಲೆ ಮತ್ತೆ ತುಂಬಿದಾಗ ಹೋಲಿಸಲು ಬರುತ್ತದೆ. ಚೆನ್ನಾಗಿ ಕಾಣಲಿ ಎಂದು ಕಡಿಮೆ ಬರೆಯಬೇಡಿ.

ಎರಡನೇ ಅಥವಾ ಮೂರನೇ ಸೆಷನ್ ಹೊತ್ತಿಗೆ ಒಂದು ಗುರಿ ಬೇಕು, ಅದು ಕಣ್ಣಿಗೆ ಕಾಣುವಂತಿರಬೇಕು. "ಖುಷಿಯಾಗಿರಬೇಕು" ಎಂದರೆ ಅಳೆಯಲಾಗದು. "ವಾರಕ್ಕೆ ನಾಲ್ಕು ದಿನ ಒಂಬತ್ತಕ್ಕೆ ಏಳಬೇಕು", "ಅಪ್ಪನ ಜೊತೆ ಜಗಳವಿಲ್ಲದೆ ಹತ್ತು ನಿಮಿಷ ಮಾತಾಡಬೇಕು", ಇವನ್ನು ಅಳೆಯಬಹುದು.

ಸೆಷನ್ ಮುಗಿದ ದಿನ ಮನಸ್ಸು ಇನ್ನೂ ಭಾರವಾಗುವುದುಂಟು. ಮುಚ್ಚಿಟ್ಟದ್ದನ್ನು ತೆರೆದರೆ ಹಾಗಾಗುತ್ತದೆ. ಆ ದಿನ ದೊಡ್ಡ ನಿರ್ಧಾರ ಬೇಡ. ಭಾರ ಒಂದೆರಡು ದಿನದಲ್ಲಿ ಇಳಿಯದಿದ್ದರೆ ಮುಂದಿನ ಸೆಷನ್‌ನಲ್ಲಿ ಅದನ್ನೇ ಮೊದಲು ಹೇಳಿ. ಸಾಯುವ ಯೋಚನೆ ಬಂದರೆ ಸೆಷನ್‌ಗೆ ಕಾಯಬೇಡಿ.

ಹಂತ 8: ನಾಲ್ಕರಿಂದ ಆರು ಸೆಷನ್ ಆದ ಮೇಲೆ ಲೆಕ್ಕ ನೋಡಿ

ಥೆರಪಿ ಫಲ ಕೊಡುವುದರಲ್ಲಿ ಥೆರಪಿಸ್ಟ್ ಮತ್ತು ನಿಮ್ಮ ನಡುವಿನ ಹೊಂದಾಣಿಕೆಯ ಪಾಲು ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಅದನ್ನು ಮೂರಾಗಿ ಬಿಡಿಸಿದರು: ನಂಬಿಕೆ, ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ. ಈ ಮೂರನ್ನೇ ನಿಮ್ಮನ್ನು ಕೇಳಿಕೊಳ್ಳಿ. ಇವರ ಮುಂದೆ ನಾಚಿಕೆಯ ವಿಷಯ ಹೇಳಬಲ್ಲೆನಾ? ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಾ? ವಾರದ ನಡುವೆ ಮಾಡಲು ಕೊಟ್ಟ ಕೆಲಸಕ್ಕೆ ಅರ್ಥ ಕಾಣುತ್ತಿದೆಯಾ?

ಒಂದಕ್ಕೆ "ಇಲ್ಲ" ಬಂದರೆ ಸದ್ದಿಲ್ಲದೆ ಹೋಗುವುದನ್ನು ನಿಲ್ಲಿಸಬೇಡಿ. ಗಂಡಸರು ಹೆಚ್ಚಾಗಿ ಮಾಡುವುದು ಇದನ್ನೇ. "ಇದು ನನಗೆ ಉಪಯೋಗ ಆಗ್ತಿಲ್ಲ ಅನಿಸುತ್ತೆ" ಎಂದು ಅವರಿಗೇ ಹೇಳಿ. ಒಳ್ಳೆಯ ಥೆರಪಿಸ್ಟ್ ದಾರಿ ಬದಲಿಸುತ್ತಾರೆ, ಇಲ್ಲವೇ ನಿಮಗೆ ಸರಿಹೊಂದುವವರ ಹತ್ತಿರ ಕಳಿಸುತ್ತಾರೆ. ಬೇರೆಯವರನ್ನು ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ನಿಮ್ಮನ್ನು ಹೀಗಳೆಯುವವರು, ಗುಣವಾಗುವ ಗ್ಯಾರಂಟಿ ಕೊಡುವವರು, ಸೆಷನ್ ಹೊರಗೆ ಸ್ನೇಹ ಅಥವಾ ಬೇರೆ ಸಂಬಂಧ ಬೆಳೆಸಲು ನೋಡುವವರು ಸಿಕ್ಕರೆ ಮಾತಿಗೂ ನಿಲ್ಲದೆ ಬಿಟ್ಟುಬಿಡಿ.

ಸುಧಾರಣೆ ನೇರ ಗೆರೆಯಲ್ಲಿ ಬರುವುದಿಲ್ಲ. ಮೂರು ವಾರ ಚೆನ್ನಾಗಿದ್ದು ನಾಲ್ಕನೇ ವಾರ ಮತ್ತೆ ಬಾಗಿಲು ಮುಚ್ಚಬಹುದು. ಆಗ ಮನೆಯವರು "ನೋಡು, ಮತ್ತೆ ಶುರು" ಎಂದರೆ ಆ ಮೂರು ವಾರವೂ ಅಳಿಸಿಹೋಗುತ್ತದೆ. ಹಳೆಯ ಹಾಳೆ ತೆಗೆದು ನೋಡಿ. ಆಗ ತಿಂಗಳಿಗೆ ಒಂದು ಸಲ ಹೊರಗೆ ಹೋಗುತ್ತಿದ್ದವನು ಈಗ ವಾರಕ್ಕೆ ಎರಡು ಸಲ ಹೋಗುತ್ತಿದ್ದರೆ, ಅದನ್ನು ಅವನಿಗೆ ಕೇಳುವ ಹಾಗೆ ಹೇಳಿ.

ನಿಲ್ಲಿಸುವ ಹೊತ್ತು ಬಂದಾಗ ಒಮ್ಮೆಲೇ ನಿಲ್ಲಿಸಬೇಡಿ. ವಾರಕ್ಕೊಂದು ಇದ್ದದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಬರಲಿ. ಕೊನೆಯ ಸೆಷನ್‌ನಲ್ಲಿ ಒಂದು ಕಾಗದ ಬರೆದುಕೊಳ್ಳಿ: ಮತ್ತೆ ನಿಂತುಹೋಗುವ ಮೊದಲು ನನ್ನಲ್ಲಿ ಏನು ಕಾಣುತ್ತದೆ, ಆಗ ನಾನು ಮಾಡುವ ಮೊದಲ ಮೂರು ಕೆಲಸ ಯಾವುವು, ಯಾರಿಗೆ ಫೋನ್ ಮಾಡುತ್ತೇನೆ. ಮನೆಯವರಿಗೂ ಒಂದು ಪ್ರತಿ ಕೊಡಿ. ಆ ಲಕ್ಷಣ ಮೊದಲು ಅವರ ಕಣ್ಣಿಗೆ ಬಿದ್ದರೆ ಯಾವ ಮಾತಿನಲ್ಲಿ ನಿಮಗೆ ಹೇಳಬೇಕು ಎಂಬುದನ್ನೂ ನೀವೇ ಅದರಲ್ಲಿ ಬರೆದುಕೊಡಿ.